ಹೊಸ ಕಂಪ್ಯೂಟರಿಗೆ ಹಳೆಯದನ್ನು ಹಾಕಿಕೊಟ್ಟವರು

ಮೊನ್ನೆ ಬೀರುವಿನ ಕೆಳಗಿನ ಖಾನೆ ಒರೆಸುವಾಗ ಹೆಬ್ಬೆರಳಿನಷ್ಟು ಉದ್ದದ ಒಂದು ಕಪ್ಪು ತುಂಡು ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಅರಿಸಿನದ ವಾಸನೆ ಇನ್ನೂ ಇತ್ತೋ, ಇದೆ ಎಂದು ನನಗೇ ಅನ್ನಿಸಿತೋ... ಚಿಕ್ಕವಳು "ಇದೇನಜ್ಜಿ, ಪೆನ್‌ಡ್ರೈವಾ?" ಎಂದಳು. ಅಲ್ಲ ಎಂದು ತಲೆಯಾಡಿಸಿದೆ, ಅಷ್ಟೇ. ಬಾಯಲ್ಲಿ ಹೇಳುವುದು ನನಗೆ ಎಂದೂ ಬಂದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ, ಹೆಗ್ಗನಹಳ್ಳಿಯ ಮನೆಯಲ್ಲಿ ಕೂತು ನಾನು ಒಂದು ಪ್ರೆಸ್ಸಿಗೆ ಕನ್ನಡ ಟೈಪ್ ಮಾಡಿಕೊಡುತ್ತಿದ್ದೆ. ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆಯ ಪತ್ರಿಕೆಗಳು... ತಾತ ಮಾಡುತ್ತಿದ್ದ ಕೆಲಸವೇ ಅದು. ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತಿದ್ದೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೇ ಓದು ನಿಲ್ಲಿಸಿದವಳಾದರೂ ಕಾಗುಣಿತ ತಪ್ಪುತ್ತಿರಲಿಲ್ಲ. ಪ್ರೆಸ್ಸಿನವರು ಬೆಳಿಗ್ಗೆ ಚೀಟಿ ಕೊಟ್ಟು ಸಂಜೆ ಬಂದು ಒಯ್ಯುತ್ತಿದ್ದರು. ಮಾತಿನ ಅಗತ್ಯವೇ ಇರಲಿಲ್ಲ. ನಾಲ್ಕು ಜನರ ಮುಂದೆ ನಿಲ್ಲಲು ನಾಚುವವಳ ಬೆರಳುಗಳ ಕೆಳಗೆ ಯಾರು ಯಾರದೋ ಮನೆಯ ಸಂತೋಷ, ದುಃಖ ಹಾದುಹೋಗುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು.

ಒಂದು ವರ್ಷ ನವರಾತ್ರಿಗೆ ಮುಂಚೆ ಸಿಡಿಲಿಗೆ ತಾತನ ಕಂಪ್ಯೂಟರ್ ಸುಟ್ಟುಹೋಯಿತು. ನಿಮ್ಮಪ್ಪ ಆಯುಧಪೂಜೆಯ ಹೊತ್ತಿಗೆ ಹೊಸದನ್ನು ತಂದ. ಪೂಜೆ ಮಾಡಿದೆವು. ಮಾರನೆಯ ದಿನ ನೋಡಿದರೆ ನನ್ನ ಟೈಪಿಂಗ್ ಪ್ರೋಗ್ರಾಂ ತೆರೆಯಲೇ ಇಲ್ಲ. ಹೊಸ ಕಂಪ್ಯೂಟರಿನ ಒಳಗಿದ್ದ ಹೊಸ ಸಿಸ್ಟಂಗೆ ಆ ಹಳೆಯ ಪ್ರೋಗ್ರಾಂ ಆಗುವುದಿಲ್ಲವಂತೆ. "ಸಾಕು ಬಿಡಮ್ಮ, ಎಷ್ಟು ದಿನಾಂತ ಕುಟ್ತೀಯ? ಆರಾಮಾಗಿ ಸೀರಿಯಲ್ ನೋಡ್ಕೊಂಡಿರು" ಎಂದ ನಿಮ್ಮಪ್ಪ. ಪ್ರೀತಿಯಿಂದಲೇ ಹೇಳಿದ್ದು. ಪ್ರೆಸ್ಸಿನವರು ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಆ ಎರಡು ದಿನ ಬೆರಳುಗಳು ಸೆರಗಿನ ಅಂಚನ್ನೇ ಒತ್ತುತ್ತಿದ್ದವು.

ಶನಿವಾರ ಯಾರಿಗೂ ಹೇಳದೆ ಹೊಸ ಕಂಪ್ಯೂಟರಿನ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ, ಟೈಪಿಂಗ್ ಪ್ರೋಗ್ರಾಮಿನ ಸಿಡಿಯನ್ನೂ ಈ ಕಪ್ಪು ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಆಟೋದಲ್ಲಿ ವಿಜಯನಗರಕ್ಕೆ ಹೋದೆ. ಮಾರುಕಟ್ಟೆ ಬೀದಿಯಲ್ಲಿ ಪಾತ್ರೆ ಅಂಗಡಿಯ ಮೇಲೆ ಒಬ್ಬರು ರಿಪೇರಿ ಮಾಡುತ್ತಾರೆಂದು ತಾತ ಹಿಂದೊಮ್ಮೆ ಹೇಳಿದ್ದರು. ಮೆಟ್ಟಿಲು ಕಡಿದಾಗಿತ್ತು. ನಾನು ಕೆಳಗೆ ನಿಂತೇ ಇದ್ದೆ. ಕೂಗಲು ಧ್ವನಿ ಬರಲಿಲ್ಲ. ಅವರೇ ಕಿಟಕಿಯಿಂದ ಬಗ್ಗಿ ನೋಡಿ ಇಳಿದು ಬಂದರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೊಂದು ಪೆನ್ಸಿಲ್. ವಯಸ್ಸು ನನ್ನಷ್ಟೇ ಇರಬೇಕು.

"ಕೂಸಿನ್ನ ಸುತ್ತಿದಂಗ ಸುತ್ತೀರಲ್ರಿ ಅಕ್ಕಾರ!" ಎಂದು ನಗುತ್ತಾ ಎತ್ತಿಕೊಂಡು ಮೇಲಕ್ಕೆ ಕರೆದೊಯ್ದರು. ಉತ್ತರ ಕರ್ನಾಟಕದ ಕಡೆಯವರೆಂದು ಮಾತಿನಲ್ಲೇ ತಿಳಿಯಿತು.

ನಾನು ಹೇಳಿದ್ದು ನಾಲ್ಕೇ ಮಾತು. ಅವರಿಗೆ ಎಲ್ಲ ಅರ್ಥವಾಯಿತು. "ಹೊಸಾದು ತಗದು ಹಳೇ ಸಿಸ್ಟಂ ಹಾಕಬೇಕಾಗ್ತೈತ್ರಿ. ಇದರಾಗ ಇದ್ದದ್ದೆಲ್ಲಾ ಅಳಿಸಿ ಹೋಗ್ತೈತಿ. ಏನ್ ಮಾಡೂಣು?"

"ಮಗನ್ನ ಕೇಳಿ ಬರ್ತೀನಿ" ಎಂದೆ.

"ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ದಿನಾ ಇದರ ಮುಂದ ಕೂಡೋರು ಯಾರು? ಅವರೋ, ನೀವೋ?"

ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ಮಕ್ಕಳೇ. ಪೆಟ್ಟಿಗೆಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ ಮಡಿಸಿಟ್ಟೆ. ಆಮೇಲೆ "ಅಳಿಸಿಬಿಡಿ" ಎಂದೆ. ಆ ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ.

ಆ ಮಧ್ಯಾಹ್ನ ಎಷ್ಟು ಉದ್ದವಿತ್ತೋ... ಪರದೆಯ ಮೇಲೆ ಒಂದು ಪಟ್ಟಿ ತೆವಳುತ್ತಿತ್ತು. ಫ್ಯಾನಿನ ಗಾಳಿ, ಕೆಳಗಿನಿಂದ ಪಾತ್ರೆಗಳ ಸದ್ದು, ಬೆಸುಗೆಯ ಹೊಗೆ. ನನಗೆ ಜೊಂಪು ಹತ್ತಿತು. ತಾತ ಪಕ್ಕದಲ್ಲಿ ಕೂತು "ಒತ್ತಕ್ಷರ ನೋಡ್ಕೊಳೇ" ಎನ್ನುತ್ತಿದ್ದಂತೆ, ಅವರ ಅಂಗಿಯ ತೋಳು ನನ್ನ ತೋಳಿಗೆ ತಾಗಿದಂತೆ... ಕಣ್ಣು ಬಿಟ್ಟರೆ ಪರದೆ ತುಂಬ ಹಸಿರು ದಿನ್ನೆ, ಮೇಲೆ ನೀಲಿ ಆಕಾಶ. ಹಳೆಯ ಕಂಪ್ಯೂಟರಿನಲ್ಲಿ ದಿನವೂ ಕಾಣುತ್ತಿದ್ದ ಚಿತ್ರ. ನಮ್ಮೂರ ಗೋಮಾಳದ ಹಾಗಿತ್ತು. ಎದ್ದು ನಡೆದುಹೋದರೆ ಅದರಾಚೆ ಯಾರೋ ಸಿಗುತ್ತಾರೆ ಅನ್ನಿಸಿತು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಸಿಡಿ ಹಾಕಿದ ಮೇಲೆ ಪ್ರೋಗ್ರಾಂ ತೆರೆಯಿತು, ಕೂಡಲೇ ಬೀಗದ ಕೈ ಕೇಳಿತು. ಬೀಗದ ಕೈಯೆಂದರೆ ಈ ಕಪ್ಪು ತುಂಡು. ಇದನ್ನು ಹಿಂದಿನ ಕಿಂಡಿಗೆ ಚುಚ್ಚದಿದ್ದರೆ ಒಂದಕ್ಷರವೂ ಮೂಡದು. ಅವರು ಚುಚ್ಚಿದರು, ತೆಗೆದರು, ಮತ್ತೆ ಚುಚ್ಚಿದರು. ಇಲ್ಲ. ಹೊಸದನ್ನೂ ಅಳಿಸಿಯಾಗಿತ್ತು, ಹಳೆಯದೂ ಕೈಗೆ ಹತ್ತಿರಲಿಲ್ಲ. ಮಗನಿಗೆ ಏನು ಹೇಳಲಿ?

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನನ್ನೂ ನೋಡಿದರು. "ಅಕ್ಕಾರ, ಇದಕ್ಕ ಪೂಜಿ ಮಾಡೀರೇನು?"

ಮಾಡಿದ್ದೆ. ಆಯುಧಪೂಜೆಯ ದಿನ ಎಲ್ಲಕ್ಕಿಂತ ಮುಖ್ಯ ಇದೇ ಅಲ್ಲವೇ ಎಂದು, ಅರಿಸಿನ ಕಲಸಿ ಇದರ ಬಾಯಿಗೇ ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದೆ. ತಗಡಿನ ಸಂದಿಯಲ್ಲಿ ಅದು ಒಣಗಿ ಕೂತಿತ್ತು.

"ದೇವರಿಗೆ ಹಣೀಗೆ ಹಚ್ಚತಾರ್ರಿ, ನೀವು ಬಾಯಿಗೆ ತುರುಕೀರಿ!" ಎಂದು ಹೊಟ್ಟೆ ಹಿಡಿದು ನಕ್ಕರು. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ತಾತ ಹೋದ ಮೇಲೆ ಪರರ ಮುಂದೆ ನಕ್ಕದ್ದು ಅದೇ ಮೊದಲು. ಸೂಜಿಯಿಂದ ಕೆರೆದು, ರಬ್ಬರಿನಿಂದ ಉಜ್ಜಿ ಮತ್ತೆ ಚುಚ್ಚಿದರು. ಕೀಲಿಮಣೆ ನನ್ನ ಕಡೆ ತಿರುಗಿಸಿ "ಬರೀರಿ" ಎಂದರು. ಬೆರಳಿಟ್ಟೆ. ಅಕ್ಷರಗಳು ಒಂದೊಂದಾಗಿ ಬಂದವು... ಎಲ್ಲವೂ ಬಂದವು.

ಕಣ್ಣು ಮಂಜಾಗಿ, ಉಪಕಾರವಾಯಿತು ಎಂದು ಕೂಡ ಹೇಳದೆ ಮೆಟ್ಟಿಲಿಳಿದೆ. ಸೋಮವಾರ ಬೆಳಿಗ್ಗೆ ಪ್ರೆಸ್ಸಿನವರ ಚೀಟಿ ಬಂತು. ನಿಮ್ಮಪ್ಪ ಪರದೆ ನೋಡಿ "ಏನಮ್ಮಾ, ಹೊಸದನ್ನ ಹಳೇದು ಮಾಡ್ಕೊಂಡ್ಯಾ!" ಎಂದು ತಲೆ ಚಚ್ಚಿಕೊಂಡ.

ನಾಲ್ಕೈದು ವರ್ಷಗಳ ಮೇಲೆ ಒಂದು ದಿನ ತೀರಿಕೊಂಡವರೊಬ್ಬರ ಶಿವಗಣಾರಾಧನೆಯ ಪತ್ರಿಕೆಯೊಂದು ಟೈಪಿಗೆ ಬಂತು. ಚೀಟಿಗೆ ಪಿನ್ನು ಹಾಕಿದ ಫೋಟೋದಲ್ಲಿ ಅವರು ನಗುತ್ತಿದ್ದರು. ಹೆಸರು ನನಗೆ ತಿಳಿದದ್ದು ಆಗಲೇ. ಇಲ್ಲಿ ಬರೆಯಲಾರೆ, ಅಕ್ಕಾರ ಎಂದವರನ್ನು ಹೆಸರು ಹಿಡಿದು ಕರೆಯಲು ಮನಸ್ಸು ಒಪ್ಪದು. ಅಂದು ಎರಡು ಸಾಲು ಟೈಪ್ ಮಾಡಲು ಒಂದು ಗಂಟೆ ಹಿಡಿಯಿತು. ಅವರೇ ಉಳಿಸಿಕೊಟ್ಟ ಅಕ್ಷರಗಳಲ್ಲಿ ಅವರ ಹೆಸರನ್ನು ಮಾಮೂಲಿಗಿಂತ ಒಂದಳತೆ ದಪ್ಪ ಮಾಡಿದೆ. ಪ್ರೆಸ್ಸಿನವರು ಗಮನಿಸಲಿಲ್ಲ.

ಈಗ ನೀವು ಫೋನಿಗೆ ಮಾತಾಡಿದರೆ ಅದೇ ಕನ್ನಡ ಬರೆಯುತ್ತದೆ. ನಾನು ಟೈಪಿಂಗ್ ಬಿಟ್ಟು ಮೂರು ವರ್ಷವಾಯಿತು. ನಿನ್ನೆ ಮೆಟ್ರೋದಲ್ಲಿ ವಿಜಯನಗರಕ್ಕೆ ಹೋಗಿದ್ದೆ, ತರಕಾರಿಗೆಂದು ಮನೆಯಲ್ಲಿ ಹೇಳಿ. ಮೆಟ್ಟಿಲು ಹಾಗೇ ಇದೆ. ಮೇಲಿನ ಕೋಣೆಗೆ ಬ್ಯೂಟಿ ಪಾರ್ಲರ್ ಬಂದಿದೆ. ಕೈಕಂಬಿ ಹಿಡಿದು ಮೇಲೆ ಹತ್ತಿದೆ. ಬಾಗಿಲಲ್ಲಿದ್ದ ಹುಡುಗಿ "ಬನ್ನಿ ಆಂಟಿ, ಏನ್ ಮಾಡಿಸ್ಬೇಕು?" ಎಂದು ಕೇಳಿದಳು.

ಒಂದು ಮಾತು ಹೇಳುವುದಿತ್ತು. ಕೇಳಬೇಕಾದವರು ಅಲ್ಲಿರಲಿಲ್ಲ. ಏನೂ ಇಲ್ಲಮ್ಮ ಎಂದು ನಿಧಾನವಾಗಿ ಇಳಿದು ಬಂದೆ...