ಗೋಡೆ ತೊಳೆಯುವ ಗಾಡಿಗೆ ಕೊಡಗಳ ಸಾಲು

ಗೆಳೆಯರೇ, ನಮ್ಮ ಗಾಡಿ ಇವತ್ತು ಮಾನ್ವಿ ತಲುಪಲೇ ಇಲ್ಲ.

ಕಟ್ಟಡಗಳ ಹೊರಗೋಡೆ ತೊಳೆಯುವ ವ್ಯಾಪಾರಕ್ಕೆಂದು ನಾನು, ಗೆಳೆಯ ಮಹಿಬೂಬ ಸೇರಿ ಹಳೇ ಗೂಡ್ಸ್ ಗಾಡಿ ಕೊಂಡಿದ್ದೆವು. ಬೆಳಿಗ್ಗೆ ಅದಕ್ಕೆ ಹೊಸ ಟ್ಯಾಂಕ್, ಪಂಪು, ಉದ್ದನೆಯ ಪೈಪು ಬಿಗಿಸಿ, ಊರ ಹೊರಗಿನ ಬೋರಿನಲ್ಲಿ ನೀರು ತುಂಬಿಸಿಕೊಂಡು, ಮಾನ್ವಿಯ ಕಲ್ಯಾಣ ಮಂಟಪದ ಗೋಡೆ ತೊಳೆಯಲು ಹೊರಟೆವು. ಪೈಪು ಸೋರುತ್ತಿದೆಯೆಂದು ರಾಯಚೂರಿನಲ್ಲಿ ಮಹಿಬೂಬನ ಓಣಿಯಲ್ಲೇ ನಿಲ್ಲಿಸಬೇಕಾಯಿತು. ತಿರುಗಿ ನೋಡಿದರೆ ಗಾಡಿಯ ಹಿಂದೆ ಕೊಡಗಳ ಸಾಲು!

"ಇದು ನೀರಿನ ಟ್ಯಾಂಕರ್ ಅಲ್ರೀ, ಗ್ವಾಡಿ ತೊಳಿಯೋ ಗಾಡಿ," ಎಂದೆ.

ಮುಂದೆ ನಿಂತಿದ್ದ ಅಜ್ಜಿ ಕೇಳಿದಳು, "ನಳದಾಗ ನೀರು ಬಂದು ವಾರ ಆತು ಯಪ್ಪಾ. ಗ್ವಾಡಿಗೇನು ನೀರಡಿಕಿ ಆಗೇದೇನು?"

ಅಷ್ಟರಲ್ಲಿ ಮಾನ್ವಿಯ ಮಂಟಪದಿಂದ ಫೋನು. "ಎಲ್ಲಿದ್ದೀರ್ರೀ? ಸಂಜಿಗಿ ಮದುವಿ ಮಂದಿ ಬರ್ತಾರ!"

"ಹೊಂಟೀವ್ರೀ!" ಎಂದೆ, ನಿಂತಲ್ಲೇ ಚಡಪಡಿಸುತ್ತ.

ಮಹಿಬೂಬ ಆಗಲೇ ಪೈಪು ಬಿಚ್ಚಿ ಕೊಡಕ್ಕೆ ಹಿಡಿದಿದ್ದ. "ಲೇ, ಏನ್ ಮಾಡಾಕತ್ತಿ?" ಎಂದು ಕೂಗಿದೆ.

"ಸುಮ್ನಿರಲೇ, ನಮ್ಮವ್ವನೂ ಸಾಲಿನ್ಯಾಗ ನಿಂತಾಳ!"

ಟ್ಯಾಂಕ್ ಬರಿದಾಯಿತು. ಮತ್ತೆ ತುಂಬಿಸಿಕೊಳ್ಳುವಷ್ಟರಲ್ಲಿ ಮಾನ್ವಿಯವರು ಬೇರೆಯವರನ್ನು ಕರೆಸಿಬಿಟ್ಟಿದ್ದರು.

ಆದರೂ ಮೊದಲ ದಿನವೇ ನಮಗೆ ಕಾಯಂ ಗಿರಾಕಿ ಸಿಕ್ಕಂತಾಯಿತು. ಕೊಡ ಎತ್ತಿಕೊಂಡು ಹೊರಟ ಅಜ್ಜಿ ಕೇಳಿದಳು, "ನಾಳಿ ಎಷ್ಟೊತ್ತಿಗಿ ಬರ್ತೀರಿ ಯಪ್ಪಾ?"