ಆಟಿ ತಿಂಗಳ ಜಾಯಿಕಾಯಿ

೨೦೧೬ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಪ್ರೌಢಶಾಲೆಯ ಕನ್ನಡ ಅಧ್ಯಾಪಕ ವೃತ್ತಿಯಿಂದ ಸ್ವಯಂನಿವೃತ್ತಿ ಪಡೆದು, ಮರ್ಕಂಜದಲ್ಲಿರುವ ನಮ್ಮ ತೋಟದ ಹೊಣೆಯನ್ನು ವಹಿಸಿಕೊಂಡೆ. ಹಳದಿ ಎಲೆ ರೋಗ ತಗಲಿ ಅಡಿಕೆ ಮರಗಳು ಅರ್ಧಕ್ಕರ್ಧ ಸೊರಗಿದ್ದವು. ಫಸಲು ಕುಗ್ಗಿದರೂ ನಾನು ಕಂಗೆಡಲಿಲ್ಲ, ನನಗೆ ಪಿಂಚಣಿಯಿತ್ತು. ಕಂಗೆಟ್ಟವರು ಇಪ್ಪತ್ತು ವರ್ಷಗಳಿಂದ ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಹೆಂಗಸು. ಅವರನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಅಡಿಕೆ ಹೆಕ್ಕುವುದು, ಸುಲಿಯುವುದು ಅವರ ಕೆಲಸ. ಅಡಿಕೆಯೇ ಇಲ್ಲವಾದರೆ ಕೆಲಸವೆಲ್ಲಿ? ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಂತೂ ಒಂದು ದಿನದ ಕೂಲಿಯೂ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಅವರು ಮೊದಲ ಬಸ್ಸು ಹಿಡಿದು ಪುತ್ತೂರಿನ ಕಡೆಯ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು.

ಅಡಿಕೆಯನ್ನು ಪೂರ್ತಿ ಕಡಿಸಿ ರಬ್ಬರ್ ಹಾಕುವುದು ನನ್ನ ಯೋಜನೆಯಾಗಿತ್ತು. ಅದನ್ನು ಕೇಳಿ ಅಕ್ಕ ಸುಮ್ಮನಿರಲಿಲ್ಲ.

“ಒಂದನ್ನೇ ನಂಬಿ ಕೂತದ್ದು ಸಾಕಾಗ್ಲಿಲ್ವಾ ಮಾಷ್ಟ್ರೆ? ರಬ್ಬರಿನ ಹಾಲು ತೆಗೆಯುವ ಟ್ಯಾಪಿಂಗಿನವ ಒಬ್ಬ ಬಂದ್ರೆ ಮುಗೀತು. ಮತ್ತೆ ನನಗೆ ಇಲ್ಲಿ ಎಂತ ಉಂಟು?”

ರಬ್ಬರಿನ ಯೋಜನೆಯನ್ನು ಕೈಬಿಟ್ಟೆ. ಉಳಿದ ಅಡಿಕೆಯ ನಡುವೆ ಕೊಕ್ಕೊ, ಬಾಳೆ ನೆಟ್ಟು, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದೆವು. ನೀರು ಹರಿಯುವ ತೋಡಿನ ಬದಿಯಲ್ಲಿ ತಂದೆಯವರ ಕಾಲದ ಹತ್ತು ಹನ್ನೆರಡು ಜಾಯಿಕಾಯಿ ಮರಗಳು ಕಾಡುಬಳ್ಳಿಯಡಿ ಮುಚ್ಚಿಹೋಗಿದ್ದವು. ಅವುಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಒಂದು ಮಳೆಗಾಲವಿಡೀ ಪರೀಕ್ಷಿಸಿದೆ. ಏಳನೆಯ ಮರ ಹೂ ಬಿಟ್ಟಿತೇ ಹೊರತು ಒಂದೂ ಕಾಯಿ ಕಟ್ಟಲಿಲ್ಲ. ನಿಷ್ಪ್ರಯೋಜಕವೆಂದು ತೀರ್ಮಾನಿಸಿ ಕಡಿದುಹಾಕಿದೆ. ಮರುವರ್ಷ ಉಳಿದ ಮರಗಳ ಹೂವೂ ಕಾಯಿ ಕಟ್ಟದೆ ಉದುರಿಹೋಯಿತು.

ಅದುವರೆಗೆ ತೋಡಿನ ಬದಿಗೆ ಹೋಗಿರದ ಅಕ್ಕ, ಆ ಆಟಿ ಮುಗಿಸಿ ಕಾರ್ಖಾನೆಯಿಂದ ಮರಳಿದಾಗ ಏಳನೆಯ ಮರದ ಬುಡವನ್ನು ಕಂಡು ತಲೆಯ ಮೇಲೆ ಕೈಹೊತ್ತರು. “ಅಯ್ಯೋ ಮಾರಾಯ್ರೆ, ಅದು ಗಂಡು ಮರ! ಕಾಯಿ ಬಿಡುದಲ್ಲ ಅದು, ಬೇರೆಯದ್ರಲ್ಲಿ ಬಿಡಿಸುದು. ಹೂವು ಕಾಯಿ ಆಗುದು ಹೇಗೆಂತ ನಿಮ್ಮ ಪುಸ್ತಕದಲ್ಲಿ ಇರ್ಲಿಲ್ವಾ?”

“ಅದು ವಿಜ್ಞಾನದವರ ಪಾಠ ಅಕ್ಕ. ನಾನು ಕನ್ನಡದವ.”

“ಹಾಗಾದ್ರೆ ಕಡಿಯುವ ಮೊದಲು ಕನ್ನಡದಲ್ಲೇ ನನ್ನ ಹತ್ರ ಕೇಳ್ಬಹುದಿತ್ತು.”

ಮರುವಾರ ಅಕ್ಕ ಹೇಳಿಕಳಿಸಿದಂತೆ ಮಂಡೆಕೋಲು ಊರಿನಿಂದ ಕಸಿ ಬಲ್ಲ ಅವರ ತಮ್ಮ ಬಂದ. ಗಂಡು ಮರದ ಕುಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಎರಡು ಹೆಣ್ಣು ಮರಗಳ ಒಂದೊಂದು ಕೊಂಬೆಗೆ ಕಸಿ ಕಟ್ಟಿ, ಕೂಲಿ ಕೊಡಹೋದರೆ ಒಂದು ಗೊನೆ ಬಾಳೆಹಣ್ಣು ಸಾಕೆಂದ. ಕಸಿಯ ಕೊಂಬೆ ಹೂ ಬಿಡಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಕಾರ್ಖಾನೆಯ ಮೇಸ್ತ್ರಿ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಮಳೆಗಾಲಕ್ಕೆ ಮಾತ್ರ ಬರುವವರು ಬೇಡ, ಮುಂದಿನ ಆಟಿ ಮುಗಿಯುವಾಗ ಫೋನು ಮಾಡಿ ಕೇಳುತ್ತೇನೆ, ಬರುವುದಾದರೆ ವರ್ಷವಿಡೀ ಬರಬೇಕು. ಅವರು ಹೋಗುವುದಾದರೆ ತಡೆಯುವ ಹಕ್ಕು ನನಗಿರಲಿಲ್ಲ.

೨೦೨೧ರ ಆಟಿಯಲ್ಲಿ ಜಾಯಿಕಾಯಿಗಳು ಬಿರಿದವು. ಅಕ್ಕ ಮತ್ತು ಅವರ ಸೊಸೆ ದಿನವೂ ಬೆಳಗ್ಗೆ ಬಿದ್ದ ಕಾಯಿ ಹೆಕ್ಕಿ, ಬೀಜಕ್ಕೆ ಸುತ್ತಿಕೊಂಡ ಕೆಂಪು ಜಾಪತ್ರೆಯನ್ನು ಹರಿಯದಂತೆ ಬಿಡಿಸಿ, ಅಂಗೈಯಲ್ಲಿ ಒತ್ತಿ, ಒಲೆಯ ಮೇಲಿನ ಜಾಲರಿಯಲ್ಲಿ ಒಣಗಿಸಿದರು. ಹೊರಗೆ ಮಳೆ ಎಷ್ಟೇ ಹೊಡೆದರೂ ಆ ತಿಂಗಳು ಇಬ್ಬರಿಗೂ ಕೆಲಸ ತಪ್ಪಲಿಲ್ಲ. ಮುಂದೆ ಕೊಕ್ಕೊ, ಆಮೇಲೆ ಅಡಿಕೆ, ಬೇಸಗೆಗೆ ಕಾಳುಮೆಣಸು. ಬಹುಬೆಳೆಯಿಂದ ತೋಟದ ಯಜಮಾನ ಬದುಕುತ್ತಾನೆಂದು ಓದಿದ್ದೆ. ಖಾಲಿ ತಿಂಗಳೊಂದು ತುಂಬಿದರೆ ಅಲ್ಲಿ ದುಡಿಯುವವರ ಮನೆ ಹೇಗೆ ನಿಲ್ಲುತ್ತದೆಂಬುದನ್ನು ಅಕ್ಕನೇ ನನಗೆ ಕಲಿಸಿದರು. ಆ ಋಣವನ್ನು ನಾನು ಮರೆಯಲಾರೆ.

ಆಟಿಯ ಕೊನೆಯ ದಿನ ಮೇಸ್ತ್ರಿಯ ಫೋನು ಬಂತು. ಪತ್ರೆ ಬಿಡಿಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಕ್ಕ ಹೇಳಿದರು: “ಇಲ್ಲ ಮೇಸ್ತ್ರಿ, ನಾನು ಬರುದಿಲ್ಲ. ಇಲ್ಲೇ ಕೆಲಸ ಉಂಟು.” ಅಂದು ೨೦೨೧ನೆಯ ಇಸವಿ ಆಗಸ್ಟ್ ೧೬, ಸೋಮವಾರ.