ಗಾಡಿ ಕೊಡಾಕಿಲ್ಲ

ಸಂಜೆ ಆರೂ ಮುಕ್ಕಾಲು. ಆ ಹೊತ್ತು ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೆ ಕಾರಣವಿದೆ. ಗಾಡಿ ಸಾಬರು ಆ ದಿನ ಉಪವಾಸ ಬಿಟ್ಟದ್ದು ನನ್ನ ಗಡಿಯಾರದ ಹೊತ್ತು ಕೇಳಿ. ಕೆಟ್ಟದ್ದು ಶುರುವಾದದ್ದೂ ಆಗಲೇ.

ಮೊನ್ನೆ ಮಳೆಯಲ್ಲಿ ನೆನೆದು ಬಂದ ಆಳೊಬ್ಬ ನಮ್ಮ ಜಗಲಿಯ ಮೇಲೆ ತನ್ನ ಕಂಬಳಿ ಹರವಿದ. ಒದ್ದೆ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಗೋಡೆ ಹಿಡಿದು ಕುಳಿತೆ. ಇಷ್ಟು ವರ್ಷವಾದರೂ ಹೊಳೆಯ ನೀರು ಎದೆಮಟ್ಟಕ್ಕೆ ಏರಿದ ಹಾಗೆ...

ಸಾಬರು ಕನಕಪುರದಲ್ಲಿ ನಮ್ಮ ನೆರೆಮನೆಯವರು. ತಂದೆಯ ಅಂಗಡಿಗೆ ಸರಕು ಬರುತ್ತಿದ್ದುದು ಅವರ ಎತ್ತಿನ ಗಾಡಿಯಲ್ಲೇ. ಕೋಡಿಹಳ್ಳಿಯಿಂದ ಚನ್ನಪಟ್ಟಣದವರೆಗೆ ಗೌಡರಾಗಲಿ ಮುಸಲ್ಮಾನರಾಗಲಿ, ಗಾಡಿ ಹೊಡೆಯುವವರೆಲ್ಲ ಅವರ ಮಾತು ಮೀರುತ್ತಿರಲಿಲ್ಲ. ನಾನು ಮೈಸೂರಿನಲ್ಲಿ ಬಿ.ಎ. ಓದು ಮುಗಿಸಿ ಬಂದ ಮೇಲೆ ನನ್ನನ್ನು ‘ಬೀಯೆ ಸಾಹೇಬ್ರು’ ಎಂದು ಕೆಣಕುತ್ತಿದ್ದರು, ಸಂಜೆ ಮಾತ್ರ ತಪ್ಪದೆ ಪತ್ರಿಕೆ ಓದಿಸಿ ಕೇಳುತ್ತಿದ್ದರು.

ಜರ್ಮನಿಯ ಯುದ್ಧ ಮುಗಿದಿದ್ದರೂ ತುರ್ಕಿ ದೇಶದಲ್ಲಿ ಕಾದಾಟ ನಿಂತಿರಲಿಲ್ಲ. ಊರುಗಳು ಸುಟ್ಟು, ಹೆತ್ತವರಿಲ್ಲದ ಮಕ್ಕಳು ಬಯಲಲ್ಲಿ ಮಲಗುತ್ತಿದ್ದಾರೆ, ಚಳಿಗಾಲ ಬಂದರೆ ಅಲ್ಲಿ ಹಿಮ ಬೀಳುತ್ತದೆ ಎಂದು ಒಂದು ದಿನ ಓದಿದೆ. ಹಿಮ ಎಂದರೇನೆಂದು ಕೇಳಿದರು. ಹೇಳಿದೆ. “ಅಂಗಾದ್ರೆ ಕಂಬಳಿ ಬೇಕು,” ಎಂದರು.

ರಂಜಾನ್ ತಿಂಗಳು ಶುರುವಾಯಿತು. ಬಾಯಿಗೆ ನೀರೂ ಹಾಕದೆ ಅವರು ಕಂಬಳಿ ಕೇಳುತ್ತ ಹಳ್ಳಿ ಹಳ್ಳಿ ತಿರುಗಿದರು. ಅದಕ್ಕೆ ಎಷ್ಟೋ ಮೊದಲೇ ನಾನು ಬೊಂಬಾಯಿ, ರಂಗೂನು, ಕೊಲಂಬೊ, ಲಂಡನ್ನು ಎಂದು ಊರೂರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೆ. ಗುರುತಿಲ್ಲದವರು ಉತ್ತರ ಕೊಟ್ಟರು. ಯಾವ ಯಾವುದೋ ದೇಶದಿಂದ ಔಷಧಿ, ಗುಡಾರ ಬೊಂಬಾಯಿಗೆ ಬರುತ್ತಿವೆ, ಹಡಗು ಹೊರಡುವ ಮೊದಲು ಕಂಬಳಿ ತಲುಪಿದರೆ ಒಯ್ಯುತ್ತೇವೆ ಎಂದರು. ಉಯ್ಯಂಬಳ್ಳಿಯಲ್ಲಿ ಒಬ್ಬ ಗೌಡತಿ ಹೊದ್ದಿದ್ದುದನ್ನೇ ತೆಗೆದು ಗಾಡಿಗೆ ಎಸೆದಳು. “ಮಗ ಅಂದ್ಮ್ಯಾಕೆ ಮಗಾನೆ ಕಣ್ ಸಾಬಣ್ಣ, ಯಾವ್ ದೇಸದ್ದಾದ್ರೇನು?”

ಇದನ್ನು ಸಹಿಸದವನು ಒಬ್ಬನಿದ್ದ. ರೇಷ್ಮೆಗೂಡು, ಕಂಬಳಿ ಎರಡರ ವ್ಯಾಪಾರವನ್ನೂ ಹಿಡಿದಿದ್ದ ಒಬ್ಬ ಸಾಹುಕಾರ. ಆ ಸೀಮೆಯ ಕಂಬಳಿಯನ್ನೆಲ್ಲ ಪುಡಿಗಾಸಿಗೆ ಕೊಂಡು ಬೆಂಗಳೂರಿನ ದಂಡಿನ ಸೈನ್ಯಕ್ಕೆ ಮಾರುತ್ತಿದ್ದವನಿಗೆ ಆ ವರ್ಷ ಒಂದೂ ಸಿಗಲಿಲ್ಲ. “ಕಾಣದ ಮಕ್ಳಿಗೆ ಹೊದ್ಸಕ್ಕೆ ನನ್ನ ಮೈ ಬತ್ತಲೆ ಮಾಡ್ತೀರೇನ್ರಯ್ಯ?” ಎಂದು ಸಂತೆಯಲ್ಲೇ ಕೂಗಾಡಿದ್ದ.

ರಂಜಾನಿನ ಮೊದಲ ವಾರದಲ್ಲೇ ಮೂರು ಗಾಡಿ ತುಂಬಿ ಹೊರಟೆವು. ಬೆಳಗಾಗುವುದರೊಳಗೆ ಕ್ಲೋಸ್‌ಪೇಟೆ, ಅಂದರೆ ಈಗಿನ ರಾಮನಗರ, ಮುಟ್ಟಿದರೆ ಗೂಡ್ಸ್ ರೈಲು ಸಿಗುತ್ತಿತ್ತು. ಸಂಜೆ ದಾರಿಯ ತೋಪಿನಲ್ಲಿ ನಿಲ್ಲಿಸಿದಾಗ ಆ ಸಾಹುಕಾರನೇ ಆಳಿನ ತಲೆಯ ಮೇಲೆ ಒಂದು ಬುಟ್ಟಿ ಬಾಳೆಹಣ್ಣು ಹೊರಿಸಿಕೊಂಡು ಬಂದ. “ಆದದ್ದಾಯ್ತು ಸಾಬಣ್ಣ, ಉಪಾಸ ಬುಡಿ,” ಎಂದು ನಕ್ಕ.

“ಬೀಯೆ ಸಾಹೇಬ್ರೆ, ನಿಮ್ಮ ಗಡಿಯಾರ ಏನಂತದೆ?”

“ಆರೂ ಮುಕ್ಕಾಲು, ಸಾಬ್ರೆ. ಹೊತ್ತು ಮುಳುಗ್ತು.”

ಅವನು ತಂದ ಹಣ್ಣಿನಿಂದಲೇ ಉಪವಾಸ ಬಿಟ್ಟು, ಪಕ್ಕದ ಕೆರೆಯಲ್ಲಿ ಕೈಕಾಲು ತೊಳೆದು, ನಮಾಜಿಗೆ ನಿಂತರು. ಎಲ್ಲರೂ ಕೆರೆಯ ಕಡೆಗಿದ್ದೆವು. ನಾನು ಮರಳಿದಾಗ ಸಾಹುಕಾರನ ಆಳು ನಮ್ಮ ಗಾಡಿಯ ಬಳಿಯಿಂದ ಏಳುತ್ತಿದ್ದ. “ಗಾಲಿಗೆ ಒಸಿ ಎಣ್ಣೆ ಬುಟ್ಟೆ ಸಾಮಿ,” ಎಂದ.

ಎಣ್ಣೆ ಬಿಟ್ಟಿರಲಿಲ್ಲ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕಡಾಣಿಯನ್ನು ಕಿತ್ತಿದ್ದ. ಅರ್ಕಾವತಿಯ ಇಳಿಜಾರಿನಲ್ಲಿ, ನೀರಿಗೆ ಇಳಿಯುತ್ತಿದ್ದ ಹಾಗೇ ಬಲಗಾಲಿ ಹೊರಕ್ಕೆ ಜಾರಿತು. ಗಾಡಿ ಮಗುಚಿತು. ನಾನು ಆಚೆ ಬಿದ್ದೆ. ಸಾಬರು ಅಚ್ಚಿನ ಅಡಿಗೆ ಸಿಕ್ಕರು. ಮೇಲೆ ಎಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಬರುತ್ತಿತ್ತು.

ಉಳಿದ ಇಬ್ಬರು ಗಾಡಿಯವರು ಧುಮುಕಿದರು. ಎಷ್ಟು ಎತ್ತಿದರೂ ನೆನೆದ ಕಂಬಳಿಗಳ ಭಾರ ಕದಲಲಿಲ್ಲ. ಅದನ್ನೆಲ್ಲ ಬಿಚ್ಚಿ ಇಳಿಸುವುದರಲ್ಲಿ ರೈಲು ಹೋಗಿಬಿಡುತ್ತಿತ್ತು.

“ನಡೀರಿ ಲೇ! ರೈಲು ನಿಮ್ಮಪ್ಪಂದಾ, ಕಾಯಾಕೆ?” ಸಾಬರು ನೀರಿನಿಂದಲೇ ಗದರಿದರು.

“ನಿನ್ನ ಬುಟ್ಟು ಎಂಗೆ ಓಗಾದು ಸಾಬಣ್ಣ?” ಒಬ್ಬ ಅಳುತ್ತಿದ್ದ.

“ಬೀಯೆ ಓದಿರೋನು ಅವ್ನೆ ನನ್ನ ಜೊತೆ. ಮೈಸೂರಲ್ಲಿ ಈಜೂ ಕಲ್ಸಿರ್ತಾರೆ. ಓಗ್ರಿ!”

ನನಗೆ ಈಜು ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗಾಡಿಗಳು ಹೋದವು. ದಾರಿಯ ಹಳ್ಳಿಯಿಂದ ಅವರು ಜನ ಕಳಿಸುವವರೆಗೆ ಸಾಬರ ತಲೆಯನ್ನು ನನ್ನ ಎದೆಗೆ ಆನಿಸಿಕೊಂಡು ನಿಂತಿದ್ದೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಅವರ ಗದ್ದ ಎತ್ತಿ ಹಿಡಿದೆ. ಅವರು ಏನೋ ಓದಿಕೊಳ್ಳುತ್ತಿದ್ದರು... ಆಮೇಲೆ ಅದೂ ಕೇಳಿಸಲಿಲ್ಲ.

ಬದುಕಿದರು. ಎರಡು ಗಾಡಿ ಕಂಬಳಿ ರೈಲು ಹತ್ತಿತು. ನಮ್ಮ ಗಾಡಿಯದು ಹೊಳೆಗೆ ಹೋಯಿತು. ಸಾಬರ ಬಲಗಾಲನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆದರು. ದೂರು ಕೊಟ್ಟರೆ ತಾಲ್ಲೂಕಿನ ಅಮಲ್ದಾರರು, ಕಡಾಣಿ ತಾನೇ ಬಿದ್ದಿರಬಹುದಲ್ಲ ಎಂದು ನನ್ನನ್ನೇ ಪ್ರಶ್ನಿಸಿದರು. ನಾನು ರಾತ್ರಿಯೆಲ್ಲ ಕೂತಿರುತ್ತಿದ್ದೆ. ಕಣ್ಣು ಮುಚ್ಚಿದರೆ ಕೈಯಿಂದ ಗದ್ದ ಜಾರುತ್ತಿತ್ತು. ಆ ಸಾಹುಕಾರನನ್ನು ಅದೇ ನೀರಿನಲ್ಲಿ ಅದುಮಿ ಹಿಡಿಯುವುದನ್ನು ಎಚ್ಚರದಲ್ಲೇ ಎಷ್ಟು ಸಲ ಕಂಡೆನೋ.

ಸೇಡು ತೀರಿಸಿದವರು ಗಾಡಿಯವರು. ತಮ್ಮ ಹಿರಿಯನನ್ನು ಹೊಳೆಯಲ್ಲಿ ಬಿಟ್ಟು ಹೋಗಬೇಕಾಯಿತಲ್ಲ ಎಂಬ ಉರಿ ಆ ಇಬ್ಬರಿಂದ ಎಲ್ಲರಿಗೂ ಹತ್ತಿತ್ತು. ಸಾಹುಕಾರ ಉಯ್ಯಂಬಳ್ಳಿಯ ಕಡೆ ರಾಶಿ ರಾಶಿ ರೇಷ್ಮೆಗೂಡು ಕೊಂಡು ಕೊಟ್ಟಿಗೆ ತುಂಬಿಸಿದ್ದ. ಗೂಡನ್ನು ಬೇಗ ಚನ್ನಪಟ್ಟಣಕ್ಕೆ ಸಾಗಿಸಿ ನೂಲು ಬಿಚ್ಚಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿ ಹೊರಬರುತ್ತದೆ, ಆ ಗೂಡಿನಿಂದ ಎಳೆ ಬರುವುದಿಲ್ಲ. ಒಣಗಿಸೋಣವೆಂದರೆ ಬಿಸಿಲಿಲ್ಲ, ಮೋಡ. ಎರಡರಷ್ಟು ಬಾಡಿಗೆ ಎಂದ. ಮಾಗಡಿಗೂ ಆಳು ಕಳಿಸಿದ. ಒಂದು ಗಾಡಿಯೂ ಹೊರಡಲಿಲ್ಲ.

ಸಾಬರು ಆಸ್ಪತ್ರೆಯಿಂದ ಮರಳಿದ್ದರು; ರಂಜಾನ್ ಹಬ್ಬದ ದಿನ ಅವನು ಅವರ ಮನೆಗೇ ಬಂದ. ನಾನೂ ಅಲ್ಲಿದ್ದೆ.

“ನನ್ನ ಆಳು ಏನೋ ತಿಳೀದೆ ಮಾಡ್ಬುಟ್ಟ ಸಾಬಣ್ಣ. ಗೂಡು ಕೆಟ್ಟೋಯ್ತದೆ. ಗಾಡಿಯೋರ್ಗೆ ಒಂದ್ ಮಾತೇಳು.”

ಸಾಬರು ಹೆಂಡತಿಯನ್ನು ಕರೆದು ಶ್ಯಾವಿಗೆ ಪಾಯಸ ತರಿಸಿದರು. “ಮೊದ್ಲು ತಿನ್ನಿ. ಹಬ್ಬ.” ಅವನು ತಿಂದ. ಬಟ್ಟಲು ಕೆಳಗಿಟ್ಟು ಕೇಳಿದ, “ಮಾಫಿ ಮಾಡ್ದಂಗಾಯ್ತಾ ಅಂಗಾದ್ರೆ?”

“ಮಾಫಿ ಅಲ್ಲಾನ ತಾವ ಕೇಳಿ ಸಾವ್ಕಾರ್ರೆ, ಅವ್ನು ದೊಡ್ಡೋನು. ನಾನು ಗಾಡಿಯೋನು. ಗಾಡಿ ಕೊಡಾಕಿಲ್ಲ.”

ಮೂರನೆಯ ದಿನ ನಾನು ಉಯ್ಯಂಬಳ್ಳಿಗೆ ಹೋದೆ, ನೋಡಲೆಂದೇ. ಕೊಟ್ಟಿಗೆಯ ಬಾಗಿಲು ತೆರೆದಿತ್ತು. ನೆಲ, ಗೋಡೆ, ತಟ್ಟೆಗಳು, ಎಲ್ಲೆಲ್ಲೂ ಬಿಳಿ ಚಿಟ್ಟೆ. ಹಾರಲು ಬಾರದೆ ರೆಕ್ಕೆ ಬಡಿಯುತ್ತ ಒಂದರ ಮೇಲೊಂದು ಹರಿದಾಡುತ್ತಿದ್ದವು. ಅವುಗಳ ನಡುವೆ ಆ ಸಾಹುಕಾರ ತಲೆಯ ಮೇಲೆ ಕೈಹೊತ್ತು ಕೂತಿದ್ದ. ನಾನು ಅವನಿಗೆ ಕಾಣುವ ಹಾಗೆ ಹೊಸ್ತಿಲಲ್ಲಿ ನಿಂತು ನಕ್ಕೆ.

ಸಂಜೆ ಬಂದು ಸಾಬರಿಗೆ ಹೇಳಿದೆ. “ಅವನ ಮೀಸೆ ಮ್ಯಾಲೂ ಕೂತಿತ್ತಾ?” ಎಂದು ಕೇಳಿದರು. ಕೂತಿತ್ತು ಎಂದೆ. ಕೆಮ್ಮು ಬರುವವರೆಗೆ ನಕ್ಕರು. “ಇನ್ನೊಂದ್ಸಲ ಹೇಳಿ, ಬೀಯೆ ಸಾಹೇಬ್ರೆ.” ಮತ್ತೆ ಹೇಳಿದೆ.

ಮುಂದಿನ ರಂಜಾನನ್ನು ನೋಡಲು ಅವರು ಉಳಿಯಲಿಲ್ಲ. ಕಾಲಿನ ಗಾಯ ಮಾಯಲೇ ಇಲ್ಲ... ಸಾಹುಕಾರ ಅಂಗಡಿ ಮುಚ್ಚಿ ಸೀಮೆ ಬಿಟ್ಟು ಹೋದ. ಈಗ ನೆರೆಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಸಂಜೆ ನನ್ನಿಂದ ಪತ್ರಿಕೆ ಓದಿಸಿ ಕೇಳುವವರಿಲ್ಲ. ವಯಸ್ಸಾಯಿತು, ಇನ್ನಾದರೂ ಮರೆತುಬಿಡಿ ಎಂದು ಮಕ್ಕಳು ಹೇಳುತ್ತಾರೆ. ಮರೆಯುವುದಿಲ್ಲ. ಆ ಒಂದು ಗಾಡಿ ಕಂಬಳಿಯಿಲ್ಲದೆ ಅಲ್ಲಿ ಎಷ್ಟು ಮಕ್ಕಳು ಹಿಮದಲ್ಲಿ ಮಲಗಿದರೋ, ಅವರ ಪರವಾಗಿ ಕ್ಷಮಿಸಲು ನಾನು ಯಾರು?

ಚಿಟ್ಟೆ ನೋಡಿ ಬಂದ ಆ ರಾತ್ರಿ ನಾನು ಬೆಳಗಿನವರೆಗೂ ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದ್ದೆ. ಮರುದಿನ ಸಾಬರ ಹೆಂಡತಿ ಬೇಲಿಯ ಆಚೆಯಿಂದ ನನ್ನ ತಾಯಿಗೆ ಮೆಲ್ಲಗೆ ಹೇಳುತ್ತಿದ್ದರು, “ರಾತ್ರಿ ಒಂದ್ಸಲಾನೂ ನರಳಿಲ್ಲ ಕಣಕ್ಕ. ಇನ್ನೂ ಮಲಗವ್ರೆ.”